ಭಾಗಿಸಿದ ಮೇಲೆ ಉಳಿದವರು

ಆಗಸ್ಟ್ 5, ಸೋಮವಾರ

ಇವತ್ತು ಶಾಲೆಯಲ್ಲಿ ಒಂದು ಸುತ್ತೋಲೆ ಕೈಗೆ ಬಂತು. ಕಾಗುಣಿತದ ತಪ್ಪುಗಳು ಹೇರಳ. ಮೂರನೆಯ ವಾಕ್ಯಕ್ಕಂತೂ ಕರ್ತೃವೇ ಇಲ್ಲ. ಇಲ್ಲದಿರುವುದು ಸಹಜವೇ, ಇಂಥದ್ದನ್ನು ನಾನು ಬರೆದೆ ಎಂದು ಒಪ್ಪಿಕೊಳ್ಳುವ ಧೈರ್ಯ ಯಾರಿಗಿದೆ?

ವಿಷಯ: 'ನಮ್ಯ ಗುಂಪುಗಳು'. ಐದನೇ ತರಗತಿಯ ಮಕ್ಕಳನ್ನು ಅವರವರ ಕಲಿಕೆಯ ಅಗತ್ಯ ನೋಡಿ ಗುಂಪು ಮಾಡಬೇಕಂತೆ. ಗುಂಪು ಕಾಯಂ ಅಲ್ಲವಂತೆ. ವಾರಕ್ಕೊಮ್ಮೆ, ಬೇಕಾದರೆ ಪಾಠಕ್ಕೊಮ್ಮೆ, ಮಕ್ಕಳು ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುತ್ತಿರಬೇಕಂತೆ. ನಮ್ಯ ಎಂದರೆ ಬಾಗುವಂಥದ್ದು. ಈ ಶಾಲೆಯಲ್ಲಿ ಬಾಗುವಂಥದ್ದು ಇನ್ನೇನು ಬಾಕಿ ಉಳಿದಿದೆ ಎಂದು ಯೋಚಿಸಿದೆ. ಬೆಂಚುಗಳು ಆಗಲೇ ಬಾಗಿವೆ.

ನನಗೆ ಎಲ್ಲ ನೆನಪಿದೆ. 'ನೆಲದಲ್ಲಿ ಕೂತು ಕಲಿ' ಯೋಜನೆ ಬಂತು, ಬೆಂಚು ಮಾರಿದರು. 'ಎದ್ದು ನಿಂತು ಕಲಿ' ಯೋಜನೆ ಬಂತು, ಚಾಪೆ ಮಾರಿದರು. ನಾನು ಎರಡಕ್ಕೂ ಪತ್ರಿಕೆಗೆ ಪತ್ರ ಬರೆದೆ. ಎರಡನ್ನೂ ಸಂಪಾದಕರು ಕತ್ತರಿಸಿ ಹಾಕಿದರು. ಯಾವ ಸಾಲು ಕತ್ತರಿಸಿದರೆಂಬುದೂ ನೆನಪಿದೆ.

ನನ್ನ ಯೋಜನೆ ಇದಕ್ಕಿಂತ ಸರಳ. ರಜೆಯಲ್ಲೇ ಆಡಳಿತ ಸಮಿತಿಗೆ ಅರ್ಜಿ ಕೊಟ್ಟಿದ್ದೇನೆ: ಐದನೇ ತರಗತಿಯಲ್ಲಿ ಹಿಂದುಳಿದ ಐದು ಮಕ್ಕಳನ್ನು ಬೇರೆ ಮಾಡಿ, ಹಿತ್ತಲಿನ ಉಗ್ರಾಣದ ಕೋಣೆಯಲ್ಲಿ 'ವಿಶೇಷ ವಿಭಾಗ' ತೆರೆದು, ಶಾಲೆಯ ಓದು ಮುಗಿಯುವವರೆಗೂ ಅವರಿಗೆ ಅಲ್ಲೇ ಪಾಠ ಹೇಳಿಸುವುದು. ಸಮಿತಿ ತಾತ್ವಿಕವಾಗಿ ಒಪ್ಪಿದೆ. ಸೆಪ್ಟೆಂಬರ್ ಕೊನೆಗೆ ನಾನು ಐದು ಹೆಸರು ಕೊಡಬೇಕು.

ಹೊಸ ಹೆಡ್‌ಮಿಸ್ ಕರೆದರು. ನನಗಿಂತ ಬಹಳ ಚಿಕ್ಕವರು. ನಗುತ್ತಾ ಮಾತಾಡುವ ಕೆಟ್ಟ ಅಭ್ಯಾಸ ಇದೆ.

"ಟೀಚರ್, ನಿಮ್ಮ ಅರ್ಜಿ ಓದಿದೆ. ತುಂಬಾ ಚೆನ್ನಾಗಿ ಬರ್ದಿದೀರ."

"ಗೊತ್ತು."

"ಅಲ್ಲೀವರೆಗೂ ಈ ನಮ್ಯ ಗುಂಪು ಮಾಡಿ ನೋಡಿ. ಸೆಪ್ಟೆಂಬರ್ ಕೊನೇಲೂ ಆ ಐದು ಹೆಸರು ಅವೇ ಇದ್ರೆ ನಾನೇ ಸಹಿ ಹಾಕ್ತೀನಿ."

"ಅವೇ ಇರ್ತವೆ."

"ಹಾಗಾದ್ರೆ ನಿಮಗೇನು ನಷ್ಟ, ಹೇಳಿ?"

ನಷ್ಟ ನನ್ನ ಸಮಯದ್ದು. ಹೇಳಿದರೂ ನಗುತ್ತಿದ್ದರು.

ಆಗಸ್ಟ್ 6, ಮಂಗಳವಾರ

ಇಲ್ಲಿ ಮಕ್ಕಳ ಹೆಸರು ಬರೆಯುವುದಿಲ್ಲ. ಅಕ್ಕ ಕನ್ನಡಕ ಹುಡುಕುವ ನೆಪದಲ್ಲಿ ನನ್ನ ಮೇಜು ಜಾಲಾಡುತ್ತಾಳೆ. ಐದು ಹೆಸರಿನಲ್ಲಿ ಮೊದಲನೆಯದು 'ತೂಕಡಿಕೆ'ಯದು. ನಾನು ಹತ್ತಿರ ಹೋದೊಡನೆ ಬಾಯಿ ತೆರೆದು ಆಕಳಿಸುವ ಹುಡುಗಿ. ಅವಳ ಅಪ್ಪನಿಗೂ ನಾನೇ ಪಾಠ ಹೇಳಿದ್ದು. ಕೊನೆಯ ಬೆಂಚಿನಲ್ಲಿ ಕೂತು ಕಿಟಕಿಯಾಚೆ ಬಸ್ಸು ನೋಡುತ್ತಿದ್ದ. ಈಗ ಬಸ್ ಕಂಡಕ್ಟರ್. ನನ್ನ ಅಂದಾಜು ತಪ್ಪುವುದಿಲ್ಲ.

ಸುತ್ತೋಲೆಯಂತೆ ಮೂರು ಗುಂಪು ಮಾಡಿದೆ. ಮುಂದಿನ ಸಾಲು ನೀಲಿ, ನಡುವಿನದು ಹಸಿರು, ಹಿಂದಿನದು ಕೆಂಪು. ಯಾರಿಗೂ ಯಾವುದು ಏನೆಂದು ಗೊತ್ತಾಗದಂತೆ ಬಣ್ಣ ಇಟ್ಟ ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ವಿರಾಮದ ಹೊತ್ತಿಗೆ 'ವಕೀಲ' ಬಂದ. ಮೊದಲ ಸಾಲಿನ ರತ್ನ. ಯಾವುದಕ್ಕೂ ವಾದ ಹೂಡದೆ ಒಪ್ಪಿದವನಲ್ಲ.

"ಮಿಸ್, ನೀಲಿ ಅಂದ್ರೆ ಬುದ್ಧಿವಂತರು. ಹಸಿರು ಅಂದ್ರೆ ಪರವಾಗಿಲ್ಲ. ಕೆಂಪು ಅಂದ್ರೆ…"

"ಅಂದ್ರೆ?"

"ರಸ್ತೆಯಲ್ಲಿ ಇರುತ್ತಲ್ಲ ಮಿಸ್, ಹಾಗೆ. ನಿಲ್ಲಿ ಅಂತ."

ಆಗಸ್ಟ್ 9, ಶುಕ್ರವಾರ

ಬಣ್ಣ ತೆಗೆದು ಗ್ರಹಗಳ ಹೆಸರಿಟ್ಟೆ. ಬುಧ, ಶುಕ್ರ, ಮಂಗಳ. ಎರಡನೆಯ ಪಿರಿಯಡ್ಡಿಗೇ ವಕೀಲ ಎದ್ದು, "ಮಂಗಳದಲ್ಲಿ ಬುದ್ಧಿಜೀವಿಗಳು ಇಲ್ಲ ಅಂತ ಪುಸ್ತಕದಲ್ಲಿದೆ ಮಿಸ್" ಎಂದ. ಪುಸ್ತಕದಲ್ಲಿ 'ಜೀವಿಗಳು' ಎಂದಷ್ಟೇ ಇದೆ. 'ಬುದ್ಧಿ' ಅವನ ಸ್ವಂತದ್ದು. ಹಿಂದಿನ ಸಾಲಿನಲ್ಲಿ ತೂಕಡಿಕೆ ಆಕಳಿಸಿದಳು.

ಬೋರ್ಡಿನಲ್ಲಿ 'ನಮ್ಯ ಗುಂಪು' ಎಂದು ಬರೆದದ್ದನ್ನೂ ಮಕ್ಕಳು ಬಿಡಲಿಲ್ಲ. "ಮಿಸ್, ನಮ್ಮ ಅಂತ ಬರೀಬೇಕಿತ್ತು, ಕೈ ತಪ್ಪಿದೆ." ನನ್ನ ಕೈ! ತಪ್ಪುವುದು! ನಮ್ಯ ಎಂದರೇನೆಂದು ವಿವರಿಸಿದೆ. ವಿವರಿಸಿದಷ್ಟು ಹೊತ್ತೂ ತಲೆಯಾಡಿಸಿದರು. ಆಮೇಲೆ 'ನಮ್ಮ ಗುಂಪು, ನಮ್ಮ ಗುಂಪು' ಎಂದೇ ಕೂಗಿಕೊಂಡು ಹೊರಗೆ ಓಡಿದರು.

ಹೆಡ್‌ಮಿಸ್ ಬಂದು ಪಟ್ಟಿ ನೋಡಿದರು.

"ಹೆಸರು ಬದಲಾಗಿದೆ. ಒಳಗಿರೋರು ಅವರೇ ಅಲ್ವಾ ಟೀಚರ್?"

"ಸಾಲು ಮೊದಲೇ ಸರಿಯಾಗಿದ್ರೆ ನಾನೇನು ಮಾಡ್ಲಿ?"

"ಪಾಠಕ್ಕೆ ಮುಂಚೆ ಒಂದೇ ಒಂದು ಪ್ರಶ್ನೆ ಕೊಡಿ. ಚೀಟಿಯಲ್ಲಿ ಬರೀಲಿ. ಅಂಕ ಹಾಕಬೇಡಿ. ತಪ್ಪು ಯಾವ ಥರದ್ದು ಅಂತ ಮಾತ್ರ ನೋಡಿ. ಒಂದೇ ಥರ ತಪ್ಪು ಮಾಡಿದವರು ಒಂದು ಗುಂಪು. ಆ ತಪ್ಪು ಹೋಯ್ತು ಅಂದ್ರೆ ಗುಂಪೂ ಹೋಯ್ತು."

ಅಂಕ ಹಾಕಬಾರದಂತೆ! ಕೆಂಪು ಪೆನ್ನು ನನ್ನ ಬ್ಯಾಗಿನಲ್ಲಿ ಅನಾಥವಾಗಿ ಬಿದ್ದಿದೆ. ಆದರೆ ಹೇಳಿದ್ದನ್ನು ಅಕ್ಷರಶಃ ಮಾಡುತ್ತೇನೆ. ಯೋಜನೆ ಮುಳುಗುವುದಾದರೆ ನಾನು ತೂತು ಕೊರೆದೆ ಎಂದು ಯಾರೂ ಹೇಳಬಾರದು.

ಆಗಸ್ಟ್ 14, ಬುಧವಾರ

ಅಳತೆಯ ಪಾಠ. ಚೀಟಿಯಲ್ಲಿ ಒಂದೇ ಪ್ರಶ್ನೆ: ನಿಮ್ಮ ಪೆನ್ಸಿಲ್ ಎಷ್ಟು ಉದ್ದ?

ವಕೀಲನ ಉತ್ತರ ತಪ್ಪು. ಮೊದಲ ಸಾಲಿನಲ್ಲಿ ಇನ್ನೂ ಕೆಲವರದು ತಪ್ಪು. ಸ್ಕೇಲನ್ನು ಸೊನ್ನೆಯ ಬದಲು ಒಂದರ ಗೆರೆಯಿಂದ ಹಿಡಿದಿದ್ದಾರೆ. ತೂಕಡಿಕೆಯದು ಸರಿ. ಆಕಸ್ಮಿಕ ಎಂದುಕೊಂಡು ರಬ್ಬರ್ ಅಳೆಯಲು ಹೇಳಿದೆ. ಸರಿ. ಡಸ್ಟರ್ ಕೊಟ್ಟೆ. ಅದೂ ಸರಿ. ಆಕಸ್ಮಿಕಗಳಿಗೂ ಒಂದು ಮಿತಿ ಬೇಡವೇ?

ಈ ಸಲ ಗುಂಪುಗಳಿಗೆ ಮಾಡುವ ಕೆಲಸದ ಹೆಸರನ್ನೇ ಇಟ್ಟೆ. ಸೊನ್ನೆ ಹುಡುಕುವವರು, ಸಣ್ಣ ಗೆರೆ ಓದುವವರು, ಕೋಣೆ ಅಳೆಯುವವರು. ವಕೀಲ ಸೊನ್ನೆ ಗುಂಪಿಗೆ. ತೂಕಡಿಕೆ ಕೋಣೆ ಗುಂಪಿಗೆ. ವಕೀಲ ಜಾಗ ಬಿಟ್ಟು ಏಳಲಿಲ್ಲ.

"ಎಣಿಸೋವಾಗ ಒಂದರಿಂದ ತಾನೇ ಮಿಸ್ ಶುರು? ಯಾರಾದ್ರೂ ಸೊನ್ನೆ ಪೆನ್ಸಿಲ್, ಒಂದು ಪೆನ್ಸಿಲ್ ಅಂತ ಎಣಿಸ್ತಾರಾ?"

ನಾನು ಉತ್ತರ ಹೊಂದಿಸುವಷ್ಟರಲ್ಲಿ, ಟೇಪು ಹಿಡಿದು ಗೋಡೆಯ ಪಕ್ಕ ನಡೆಯುತ್ತಿದ್ದ ತೂಕಡಿಕೆ ತಿರುಗಿ ನೋಡದೆ ಹೇಳಿದಳು: "ಬಸ್ಸು ಹೊರಡೋ ಸ್ಟಾಪ್‌ನ ಲೆಕ್ಕಕ್ಕೆ ತಗೋಬಾರ್ದು ಕಣೋ. ಅಲ್ಲಿ ಇನ್ನೂ ಎಲ್ಲಿಗೂ ಹೋಗಿರಲ್ಲ. ಮುಂದಿನ ಸ್ಟಾಪೇ ಒಂದು."

ವಕೀಲ ಸ್ಕೇಲನ್ನೇ ನೋಡುತ್ತಾ ಕೂತ. ಆಮೇಲೆ ಪೆನ್ಸಿಲನ್ನು ಮೆಲ್ಲಗೆ ಸೊನ್ನೆಗೆ ಸರಿಸಿದ. ವಾದದಲ್ಲಿ ಅವನು ಸೋತದ್ದನ್ನು ಇದೇ ಮೊದಲು ನೋಡಿದ್ದು.

ಇದು ಪಠ್ಯಪುಸ್ತಕದಲ್ಲಿಲ್ಲ. ಪ್ರಕಾಶಕರಿಗೆ ಒಂದು ಪತ್ರ ಹಾಕಬೇಕು.

ಆಗಸ್ಟ್ 20, ಮಂಗಳವಾರ

ವಕೀಲನ ತಾಯಿ ಬಂದಿದ್ದರು. ಹಲ್ಲಿನ ಡಾಕ್ಟರು. ಕೋಪದಲ್ಲಿ ಅವರ ಹಲ್ಲುಗಳೆಲ್ಲ ಚೆನ್ನಾಗಿ ಕಾಣುತ್ತಿದ್ದವು; ಒಳ್ಳೆಯ ಜಾಹೀರಾತು.

"ನನ್ನ ಮಗನ್ನ ಕೊನೇ ಗುಂಪಿಗೆ ಹಾಕಿದೀರಂತೆ!"

"ಕೊನೇ ಗುಂಪಲ್ಲ ಡಾಕ್ಟ್ರೇ. ಸೊನ್ನೆ ಗುಂಪು."

"ಅದು ಇನ್ನೂ ಕಡೆ ಆಯ್ತಲ್ಲ!"

"ನಿಮ್ಮಲ್ಲಿಗೆ ಯಾರಾದ್ರೂ ಹಲ್ಲುನೋವು ಅಂತ ಬಂದ್ರೆ ಏನ್ಮಾಡ್ತೀರಿ? ಎಲ್ಲಾ ಹಲ್ಲೂ ಕೀಳ್ತೀರಾ?"

"ಛೆ, ಯಾಕೆ? ಯಾವುದು ಹುಳುಕಾಗಿದ್ಯೋ ಅದಕ್ಕೆ ಮಾತ್ರ…"

"ನಾನೂ ಅದಕ್ಕೆ ಮಾತ್ರ. ಸದ್ಯಕ್ಕೆ. ಅದೂ ಹೋದ ವಾರವೇ ತುಂಬಿ ಆಯ್ತು. ಇವತ್ತು ನಿಮ್ಮ ಮಗ ಕೋಣೆ ಅಳೀತಿದಾನೆ, ಹೋಗಿ ನೋಡಿ."

ಅವರು ಹೋಗಿ ನೋಡಿದರು. ಮಗ ಕಾರಿಡಾರಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಟೇಪು ಹಿಡಿದಿದ್ದ. ಅಂಗಿಯ ಸ್ಥಿತಿ ನೋಡಿ ಅವರಿಗೆ ಹೊಸ ಕೋಪ ಬಂತು. ಅದು ನನ್ನ ವ್ಯಾಪ್ತಿಗೆ ಬರುವುದಿಲ್ಲ.

ಹೆಡ್‌ಮಿಸ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರಂತೆ. ನಾನು ಸುತ್ತೋಲೆಯನ್ನು ಸಮರ್ಥಿಸಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಒಬ್ಬರ ತರ್ಕದಲ್ಲಿ ತಪ್ಪಿತ್ತು, ತಿದ್ದಿದೆ.

ಆಗಸ್ಟ್ 27, ಮಂಗಳವಾರ

ಭಾಗಾಕಾರ ಶುರು. ತೂಕಡಿಕೆಯ ಚೀಟಿ ಪೂರ್ತಿ ತಪ್ಪು. ನಾನು ಹೇಳಿದ್ದು ಸರಿಯೇ ಆಯಿತಲ್ಲ ಎಂದು ಸಮಾಧಾನ ಆಗಬೇಕಿತ್ತು. ಯಾಕೋ ಪೂರ್ತಿ ಆಗಲಿಲ್ಲ. ಹವೆಯೂ ಸರಿಯಿಲ್ಲ.

ಸಂಜೆ ಊಟದ ಮೇಜಿನ ಮೇಲೆ ಗುಂಡಿಗಳನ್ನು ಹರಡಿಕೊಂಡು ಕೂತೆ. ಹೊಲಿಗೆ ಡಬ್ಬಿಯ ಗುಂಡಿಗಳು. ಒಂದೊಂದು ಒಂದೊಂದು ಮಗು. ಕಾಗದದಲ್ಲಿ ಗುಂಪು ಬರೆದರೆ ಹೊಡೆದು ಹಾಕಿ, ಹೊಡೆದು ಹಾಕಿ ಕಾಗದವೇ ಹರಿಯುತ್ತದೆ. ಜಗಳಗಂಟ ಅವಳಿಗಳು ಒಂದೇ ಗುಂಪಿನಲ್ಲಿ ಬರಬಾರದು. ಪಿಸುಗುಡುವವಳು ಗೋಡೆಯ ಪಕ್ಕ ಬೇಡ. ಓದಲು ಬರುವವರು ಒಂದೇ ಕಡೆ ರಾಶಿ ಬಿದ್ದರೆ ಲೆಕ್ಕದ ಪ್ರಶ್ನೆಯನ್ನು ಉಳಿದವರಿಗೆ ಓದಿ ಹೇಳುವವರಿಲ್ಲ. ಒಂದು ಗುಂಡಿ ಸರಿಸಿದರೆ ಎಲ್ಲ ಸರಿಸಬೇಕು. ಒಂದು ರಾಜ್ಯದ ಮಂತ್ರಿಮಂಡಲ ರಚಿಸುವುದು ಇದಕ್ಕಿಂತ ಸುಲಭ. ಅಲ್ಲಿ ಯಾರಿಗೆ ಏನು ಬರುತ್ತದೆಂದು ನೋಡಬೇಕಾಗಿಲ್ಲ.

ಅಕ್ಕ ಬಂದು ಎದುರಿಗೆ ಕೂತಳು. ನಿವೃತ್ತ ನರ್ಸು. ನಿವೃತ್ತಿ ಎಂಬುದನ್ನು ಅವಳು ಇನ್ನೂ ಒಪ್ಪಿಕೊಂಡಿಲ್ಲ.

"ಏನೇ ಇದು, ಗುಂಡಿ ಆಟ?"

"ಆಟ ಅಲ್ಲ. ಕೆಲಸ."

"ಈ ಕಪ್ಪು ಗುಂಡಿ ಯಾರು?"

"ತೂಕಡಿಕೆ."

"ಎಷ್ಟು ಸಲ ಕಲಸಿದ್ರೂ ಇದನ್ನ ಮೂಲೆಗೇ ಇಡ್ತೀಯಲ್ಲೇ."

"ಅವಳಿಗೆ ಭಾಗಾಕಾರ ಬರಲ್ಲ ಅಕ್ಕ."

"ಅಳತೆ ಬರುತ್ತೆ ಅಂದೆ ಮೊನ್ನೆ. ನಮ್ಮ ವಾರ್ಡಲ್ಲಿ ದಿನಾ ಬೆಳಿಗ್ಗೆ ಎಲ್ಲರ ಜ್ವರ ಹೊಸದಾಗಿ ನೋಡ್ತಿದ್ವಿ ಕಣೇ. ನೆನ್ನೆ ಇತ್ತು ಅಂತ ಇವತ್ತೂ ಬರ್ಕೊಂಡು ಹೋಗ್ತಿರಲಿಲ್ಲ."

"ನಂದು ವಾರ್ಡಲ್ಲ, ತರಗತಿ."

"ನೀನೂ ಚಿಕ್ಕವಳಿದ್ದಾಗ ಸೂಜಿಗೆ ದಾರ ಪೋಣಿಸೋಕೆ ಬರದೆ ಅಳ್ತಿದ್ದೆ."

"ಈಗ ಬರುತ್ತಲ್ಲ."

"ಬರುತ್ತಾ? ನನಗೆ ಗೊತ್ತೇ ಇಲ್ಲ. ನಾನೇ ಪೋಣಿಸಿಕೊಡ್ತಾ ಬಂದಿದೀನಿ."

ಅವಳೆದುರಿಗೇ ಸೂಜಿಗೆ ದಾರ ಪೋಣಿಸಿದೆ. ಸ್ವಲ್ಪ ಹೊತ್ತು ಹಿಡಿಯಿತು.

ಸೆಪ್ಟೆಂಬರ್ 2, ಸೋಮವಾರ

ಭಾಗಾಕಾರಕ್ಕೆ ಚಿಕ್ಕ ಗುಂಪು. ನಾನೂ ಗಿಡ್ಡ ಸ್ಟೂಲಿನ ಮೇಲೆ ಅವರ ನಡುವೆ ಕೂತೆ. ಮೊಣಕಾಲು ಗಲ್ಲಕ್ಕೆ ತಾಗುತ್ತದೆ. ಸುತ್ತೋಲೆ ಬರೆದವರು ಈ ಸ್ಟೂಲಿನ ಮೇಲೆ ಕೂತಿದ್ದರೆ ಅದರ ಉದ್ದ ಕಡಿಮೆಯಾಗುತ್ತಿತ್ತು.

ಅಲ್ಲಿಂದ ಒಂದು ವಿಚಿತ್ರ ಕಂಡಿತು. ತೂಕಡಿಕೆ ಸುಮ್ಮನೆ ಆಕಳಿಸುವುದಿಲ್ಲ. ಪಕ್ಕದವಳ ಜೊತೆ ಲೆಕ್ಕದ ಕಡ್ಡಿಗಳನ್ನು ಹಂಚುವಾಗ ಕಣ್ಣು ಬೆಳಗುತ್ತಿರುತ್ತದೆ. ನಾನು "ಅರ್ಥ ಆಯ್ತಾ?" ಎಂದು ಕೇಳಿದ ಕೂಡಲೇ ಬಾಯಿ ತೆರೆಯುತ್ತದೆ. ಆಮೇಲೆ "ಆಯ್ತು ಮಿಸ್". ಪ್ರತಿ ಸಲವೂ "ಆಯ್ತು ಮಿಸ್". ಆಗಿರುವುದಿಲ್ಲ.

ಅಕ್ಕನಿಗೆ ಹೇಳಿದೆ.

"ಅದು ನಿದ್ದೆ ಅಲ್ಲ ಕಣೇ, ಭಯ. ಇಂಜೆಕ್ಷನ್ನಿಗೆ ಸಾಲಲ್ಲಿ ನಿಂತೋರು ಹಾಗೇ ಆಕಳಿಸ್ತಾರೆ. ದೊಡ್ಡ ದೊಡ್ಡ ಗಂಡಸರು."

"ನನ್ನನ್ನ ಕಂಡ್ರೆ ಭಯಪಡುವಂಥದ್ದೇನಿದೆ?"

"ಏನೂ ಇಲ್ಲಪ್ಪ" ಎಂದಳು ಅಕ್ಕ. ಸ್ವಲ್ಪ ಬೇಗನೇ ಹೇಳಿದಳು.

ಸೆಪ್ಟೆಂಬರ್ 6, ಶುಕ್ರವಾರ

ಇವತ್ತು "ಅರ್ಥ ಆಯ್ತಾ?" ಎಂದು ಯಾರನ್ನೂ ಕೇಳಲಿಲ್ಲ. "ಎಲ್ಲಿ ಸಿಕ್ಕಿಹಾಕಿಕೊಂಡ್ರಿ?" ಎಂದು ಕೇಳಿದೆ. ಗಂಟಲು ಕೆಟ್ಟಿತ್ತು, ಮೆಲ್ಲಗೆ ಕೇಳಬೇಕಾಯಿತು. ಅಷ್ಟೇ ಕಾರಣ.

ಆಕಳಿಕೆ ಇಲ್ಲ.

ಸೆಪ್ಟೆಂಬರ್ 11, ಬುಧವಾರ

ಹಿತ್ತಲಿನ ಉಗ್ರಾಣ ಖಾಲಿಯಾಗಿದೆ. ಸುಣ್ಣ ಬಳಿದಿದ್ದಾರೆ. ಬಾಗಿಲ ಮೇಲೆ ಹೊಸ ಬೋರ್ಡು: ವಿಶೇಷ ವಿಭಾಗ. ಅಕ್ಷರಗಳು ದುಂಡಗಿವೆ, ಕಾಗುಣಿತ ಸರಿ. ನನ್ನ ಅರ್ಜಿಯಿಂದಲೇ ಬರೆದುಕೊಂಡಿರಬೇಕು.

ನಾವು ಶೇಷ ಬರುವ ಲೆಕ್ಕ ಮಾಡುತ್ತಿದ್ದೆವು. ಕಂಡಕ್ಟರನ ಮಗಳು ಕಡ್ಡಿ ಹಂಚಿ, ಕೈಯಲ್ಲಿ ಮಿಕ್ಕ ಎರಡನ್ನು ಹಿಡಿದುಕೊಂಡು ಕಿಟಕಿಯಿಂದ ಆ ಬೋರ್ಡನ್ನೇ ನೋಡುತ್ತಿದ್ದಳು.

"ಮಿಸ್, ಶೇಷ ಅಂದ್ರೆ ಭಾಗ ಮಾಡಿದ್ಮೇಲೆ ಉಳಿದದ್ದು ತಾನೇ?"

"ಹೌದು."

"ಅದು ಉಳಿದವರ ಕೋಣೆನಾ?"

"ಅಲ್ಲಮ್ಮ. ಸರಿಯಾಗಿ ಓದು. ಮುಂದೆ 'ವಿ' ಇದೆ."

"ವಿ ಅಂದ್ರೆ?"

ಉಪಸರ್ಗ ಎಂದರೇನೆಂದು ಹೇಳಿದೆ. ಜ್ಞಾನ, ವಿಜ್ಞಾನ. ಜಯ, ವಿಜಯ. ವಿ ಸೇರಿದರೆ ಅರ್ಥಕ್ಕೆ ತೂಕ ಬರುತ್ತದೆ, ಹೆಚ್ಚುತ್ತದೆ. ಚೆನ್ನಾಗಿಯೇ ವಿವರಿಸಿದೆ. ಅವಳು ಯೋಚಿಸಿದಳು.

"ಹಾಗಾದ್ರೆ ವಿಶೇಷ ಅಂದ್ರೆ ತುಂಬಾ ಉಳಿದವರು."

ವಕೀಲ ಪಕ್ಕದ ಗುಂಪಿನಿಂದ, "ವಿಭಾಗ ಅಂದ್ರೆ ತುಂಬಾ ಭಾಗ ಮಾಡೋದು, ಅಲ್ವಾ ಮಿಸ್?" ಎಂದ.

ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಅಲ್ಲಿಗೆ ಹೋದ್ರೆ ಆಮೇಲೆ ಇಲ್ಲಿ ಯಾವ ಗುಂಪಿಗೆ ವಾಪಸ್ ಬರ್ತೀವಿ ಮಿಸ್?" ಎಂದು ಕೇಳಿದಳು.

ಬೆಲ್ ಹೊಡೆಯಿತು. ಹೊಡೆಯದಿದ್ದರೆ ನಾನೇ ಹೋಗಿ ಹೊಡೆಯುತ್ತಿದ್ದೆ.

ಮನೆಗೆ ಬಂದು ನಿಘಂಟು ತೆರೆದೆ. ಶೇಷ: ಉಳಿಕೆ, ಮಿಕ್ಕದ್ದು. ವಿಶೇಷ: ಅತಿಶಯವಾದದ್ದು, ಬೇರೆಯಾದದ್ದು. ನಿಘಂಟು ನನ್ನ ಪಕ್ಷದಲ್ಲೇ ಇದೆ. ಮುಚ್ಚಿಟ್ಟೆ. ಮತ್ತೆ ತೆರೆದು ನೋಡಿದೆ. ಅದೇ ಇತ್ತು.

ಸೆಪ್ಟೆಂಬರ್ 19, ಗುರುವಾರ

ಕಂಡಕ್ಟರ್ ಬಂದಿದ್ದ. ಡ್ಯೂಟಿ ನಡುವೆ ಬಂದವನು, ಭುಜದಲ್ಲಿ ಚೀಲ. ಕುರ್ಚಿ ತೋರಿಸಿದೆ.

"ಬೇಡ ಮಿಸ್. ಆಗ ನೀವು ಕೊನೇ ಬೆಂಚಲ್ಲಿ ಕೂರಿಸಿದ್ರಿ. ಈಗ ನೋಡಿ, ಇಡೀ ದಿನ ನಿಂತೇ ಕೆಲಸ. ಕೂತ್ರೆ ನಿದ್ದೆ ಬರುತ್ತೆ."

"ನಿನ್ನ ನಾಲಿಗೆ ಆಗಲೂ ಹೀಗೇ ಇತ್ತು."

"ಆಗ ಒಳಗಡೆ ಇತ್ತು ಮಿಸ್. ಬಸ್ಸಿಗೆ ಹೋದ್ಮೇಲೆ ಹೊರಗೆ ಬಂತು."

ಆಮೇಲೆ ಚೀಲದ ಪಟ್ಟಿ ಎಳೆದುಕೊಳ್ಳುತ್ತಾ ವಿಷಯಕ್ಕೆ ಬಂದ. "ಮಗಳನ್ನ ಹಿಂದಿನ ಕೋಣೆಗೆ ಹಾಕ್ತಾರೆ ಅಂತ ಸುದ್ದಿ. ಹಾಕಿ ಅಂತಾನೂ ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ, ನಿಮಗೆ ಗೊತ್ತಿರುತ್ತೆ. ಈ ನಡುವೆ ಮನೇಲಿ ಬಾಗ್ಲು, ಮಂಚ, ಅವರಜ್ಜಿ ಕಾಲು, ಎಲ್ಲಾ ಅಳೀತಾಳೆ. ಶಾಲೆಗೆ ಅಂದ್ರೆ ನನಗಿಂತ ಮುಂಚೆ ರೆಡಿ. ನಾವು ಟಿಕೆಟ್ ಹರಿಯೋ ಮುಂಚೆ ಎಲ್ಲಿಗೆ ಅಂತ ಕೇಳ್ತೀವಿ ಮಿಸ್. ಇವಳಿಗೆ ಟಿಕೆಟ್ ಹರಿದಾಗಿದ್ರೆ, ಎಲ್ಲಿಗೆ ಅಂತ ಅವಳಿಗೆ ಹೇಳೋರು ಯಾರು? ನೀವಾ, ನಾನಾ? ಅದೊಂದು ಕೇಳ್ಕೊಂಡು ಹೋಗೋಣ ಅಂತ ಬಂದೆ."

"ಸದ್ಯಕ್ಕೆ ಏನೂ ಹೇಳಬೇಡ" ಎಂದೆ. ಹೋಗುವಾಗ ಅವನು ಮೆಟ್ಟಿಲಿಳಿದ ರೀತಿ ನೋಡಿದೆ. ಬಸ್ಸಿನಿಂದ ಇಳಿಯುವವನಂತೆ, ಇನ್ನೂ ಚಲಿಸುತ್ತಿರುವಾಗಲೇ.

ಸೆಪ್ಟೆಂಬರ್ 24, ಮಂಗಳವಾರ

ಐದು ಹೆಸರು ಬರೆಯಲು ಕೂತೆ.

ಭಾಗಾಕಾರ ನೋಡಿದರೆ ಒಂದು ಐದು. ಅಳತೆ ನೋಡಿದರೆ ಇನ್ನೊಂದು ಐದು. ಗಟ್ಟಿಯಾಗಿ ಓದುವುದರಲ್ಲಿ ಮತ್ತೊಂದು. ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳುವುದರಲ್ಲಿ, ಅಯ್ಯೋ, ಮೊದಲ ಸಾಲಿನ ಅರ್ಧ. ಗುಂಡಿಗಳನ್ನು ಸರಿಸಿ ಸರಿಸಿ ಕಪ್ಪು ಗುಂಡಿ ಯಾವ ಕಡೆ ಇತ್ತೆಂದೇ ಮರೆತೆ. ಹುಡುಕಿದರೆ ಅಕ್ಕನ ಕೈಯಲ್ಲಿತ್ತು.

"ಇದು ನನ್ನ ಹಳೇ ಯೂನಿಫಾರ್ಮಿಂದು ಕಣೇ. ಕೊಡಲ್ಲ. ಬೇರೆ ಗುಂಡಿ ಇಟ್ಕೋ."

ಹೆಡ್‌ಮಿಸ್ ಬೆಳಿಗ್ಗೆ ಕೇಳಿದ್ದರು, "ಹೆಸರು ಸಿದ್ಧವಾಯ್ತಾ ಟೀಚರ್?" ನಾಳೆ ಎಂದಿದ್ದೆ. ಶುಕ್ರವಾರ ಸಮಿತಿ ಸಭೆ.

ಸೆಪ್ಟೆಂಬರ್ 27, ಶುಕ್ರವಾರ

ಸಭೆ ನಡೆಯಿತು. ಅಧ್ಯಕ್ಷರು ಮರದ ವ್ಯಾಪಾರಿ. ಎಲ್ಲರೂ ಟಿಂಬರ್ ಯಜಮಾನರು ಅನ್ನುತ್ತಾರೆ. ಗುಮಾಸ್ತ ನನ್ನ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೂ ಗಟ್ಟಿಯಾಗಿ ಓದಿದ.

'ತರಗತಿಯನ್ನು ಭಾಗಿಸದೆ ಅನ್ಯ ಮಾರ್ಗವಿಲ್ಲ.' 'ಕೆಲವು ಮಕ್ಕಳು ಸ್ವಭಾವತಃ ಹಿಂದುಳಿಯತಕ್ಕವರು.' ಕೇಳುತ್ತಾ ಕೇಳುತ್ತಾ ನನಗೆ ಮೈ ಉರಿಯತೊಡಗಿತು. ಎಂಥ ಠೇಂಕಾರ! ಮಕ್ಕಳ ಹತ್ತಿರ ಕೂತು ನೋಡದೆ ಬರೆದದ್ದೆಂದು ಪ್ರತಿ ವಾಕ್ಯವೂ ಕೂಗಿ ಹೇಳುತ್ತಿತ್ತು. ಎದ್ದು ನಿಂತೆ.

"ಇದನ್ನ ಬರೆದೋರಿಗೆ ತರಗತಿ ಅಂದ್ರೇನು ಅಂತ ಗೊತ್ತಿದ್ಯಾ?"

ಗುಮಾಸ್ತ ಕಾಗದದ ಕೆಳತುದಿ ನೋಡಿ ಕೆಮ್ಮಿದ. "ಟೀಚರ್, ಇದು ನಿಮ್ದೇ ಸಹಿ."

"ಸಹಿ ನಂದೇ. ವ್ಯಾಕರಣ ಸರಿಯಾಗಿತ್ತು, ಅದಕ್ಕೇ ಆಗ ಅನುಮಾನ ಬರಲಿಲ್ಲ."

ಹೆಡ್‌ಮಿಸ್ ಕಿಟಕಿಯ ಕಡೆ ತಿರುಗಿಕೊಂಡರು. ಭುಜ ಅಲುಗುತ್ತಿತ್ತು.

ಟಿಂಬರ್ ಯಜಮಾನರಿಗೆ ತಮಾಷೆ ಬೇಕಿರಲಿಲ್ಲ. "ಅಮ್ಮ, ಕೋಣೆಗೆ ಸುಣ್ಣ ಹೊಡ್ಸಿದೀವಿ, ಬೋರ್ಡ್ ಹಾಕ್ಸಿದೀವಿ. ಐದು ಹೆಸರು ಕೊಡಿ. ಇಲ್ಲಾಂದ್ರೆ ನಾವೇ ಅಂಕಪಟ್ಟಿ ತರ್ಸಿ, ಕೆಳಗಿಂದ ಐದು ತಗೋತೀವಿ."

ಕೆಳಗಿನಿಂದ ಐದು! ಮೊದಲನೆಯದು ಯಾರದಾಗುತ್ತದೆಂದು ನನಗೆ ಗೊತ್ತಿತ್ತು.

"ತರ್ಸಿ. ಅಂಕಪಟ್ಟಿ ಇಲ್ಲ."

"ಇಲ್ಲ ಅಂದ್ರೆ?"

"ಈ ಅವಧಿಯಲ್ಲಿ ನಾನು ಒಬ್ಬರಿಗೂ ಅಂಕ ಹಾಕಿಲ್ಲ. ಹೆಡ್‌ಮಿಸ್ ಅಪ್ಪಣೆ. ತಪ್ಪುಗಳಿವೆ, ಬೇಕಾ?"

ಬ್ಯಾಗಿನಲ್ಲಿದ್ದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದೆ. ಎಲ್ಲ ಮಕ್ಕಳದೂ, ಎಲ್ಲ ಪಾಠದ್ದೂ. "ಆರಿಸಿಕೊಳ್ಳಿ. ಇದರಲ್ಲಿ ತಪ್ಪು ಮಾಡದವರು ಯಾರಾದ್ರೂ ಇದ್ರೆ ಅವರನ್ನ ಇಲ್ಲೇ ಬಿಟ್ಟು ಉಳಿದವರನ್ನೆಲ್ಲ ಹಿಂದಿನ ಕೋಣೆಗೆ ಕಳಿಸೋಣ. ಕೋಣೆ ಸಾಲದು, ಅಷ್ಟೆ."

ಯಜಮಾನರು ಕನ್ನಡಕ ಏರಿಸಿ ಒಂದನ್ನು ಎತ್ತಿಕೊಂಡರು. ಅದು ವಕೀಲನ ಪೆನ್ಸಿಲ್ ಚೀಟಿಯಾಗಿತ್ತು. ಪಕ್ಕದಲ್ಲೇ ಅವನು ಸ್ಕೇಲಿನ ಚಿತ್ರವನ್ನೂ ಬರೆದಿದ್ದ. ಬಹಳ ಹೊತ್ತು ನೋಡಿದರು.

"ಇವನು ಒಂದರಿಂದ ಹಿಡಿದಿದಾನೆ."

"ಹೌದು. ತಪ್ಪು."

"ತಪ್ಪಲ್ಲಮ್ಮ! ಟೇಪಿನ ತುದಿ ಸವೆದಿದ್ರೆ ನಾವೂ ಒಂದರಿಂದಾನೇ ಹಿಡಿಯೋದು. ಆಮೇಲೆ ಒಂದು ಕಳೀತೀವಿ. ಈ ಮಗು ಕಳೆಯೋದು ಮರೆತಿದೆ, ಅಷ್ಟೇ. ಎಲ್ಲಿ, ಇನ್ನೊಂದು ಕೊಡಿ."

ಇನ್ನೊಂದು ಕೊಟ್ಟೆ. ಇತರ ಸದಸ್ಯರೂ ಕುರ್ಚಿ ಎಳೆದುಕೊಂಡರು. ಒಬ್ಬರು ಭಾಗಾಕಾರದ ಚೀಟಿ ಹಿಡಿದು, ಇದರಲ್ಲಿ ತಪ್ಪೇ ಇಲ್ಲ ಎಂದು ವಾದಿಸಿದರು. ತಪ್ಪಿತ್ತು. ಅವರನ್ನು ಆ ಗುಂಪಿಗೆ ಸೇರಿಸಬೇಕಾಗಿತ್ತು. ಗುಮಾಸ್ತ ಗಡಿಯಾರ ನೋಡಿ ನೋಡಿ ಕೊನೆಗೆ ತಾನೂ ಒಂದು ಚೀಟಿ ತೆಗೆದುಕೊಂಡ.

ಕೊನೆಗೆ ಯಜಮಾನರು, "ಹಾಗಾದ್ರೆ ಹೆಸರು?" ಎಂದರು.

"ಯಾವ ದಿನದ್ದು ಬೇಕು?"

ಅವರು ನಕ್ಕುಬಿಟ್ಟರು. ಕೋಣೆಯನ್ನು ಐದನೇ ತರಗತಿಯ ಎಲ್ಲ ಗುಂಪುಗಳೂ ಸರದಿಯಂತೆ ಬಳಸುವುದೆಂದು ಬರೆಸಿದರು. ಅರ್ಜಿಯ ಕೆಳಗೆ 'ಹಿಂತೆಗೆದುಕೊಂಡಿದ್ದೇನೆ' ಎಂದು ನಾನು ಬರೆಯಬೇಕಂತೆ. ಬರೆದೆ. ಕೆಂಪು ಪೆನ್ನಿನಲ್ಲಿ. ಬ್ಯಾಗಿನಲ್ಲಿ ಬೇರೆ ಪೆನ್ನು ಸಿಗಲಿಲ್ಲ.

ಹೊರಗೆ ಬಂದಾಗ ಹೆಡ್‌ಮಿಸ್, "ಟೀಚರ್, ಈ ಸುತ್ತೋಲೆ ನಿಮಗೆ ಒಪ್ಪಿಗೆ ಆಯ್ತು ಅಂತ ಅಂದ್ಕೊಳ್ಳಲಾ?" ಎಂದರು. ಮೂರನೆಯ ವಾಕ್ಯಕ್ಕೆ ಇನ್ನೂ ಕರ್ತೃ ಇಲ್ಲ ಎಂದೆ. ಅದು ತಾನೇ ಬರೆದದ್ದು ಎಂದರು. ಇರಬಹುದೆಂದು ನನಗೆ ಮೊದಲೇ ಗೊತ್ತಿತ್ತು.

ಸೆಪ್ಟೆಂಬರ್ 30, ಸೋಮವಾರ

ಇವತ್ತು ಮಕ್ಕಳಿಗೆ ಕೋಣೆಯ ವಿಷಯ ಹೇಳಿದೆ. ಎಲ್ಲರೂ ಹೋಗುವುದಾದರೆ ಮೊದಲು ಯಾರು ಹೋಗಬೇಕೆಂದು ಅವಳಿಗಳು ಕೂಡಲೇ ಜಗಳ ತೆಗೆದರು.

ಆಮೇಲೆ ಗುಂಪು ಹೇಳಿದೆ. ಕಂಡಕ್ಟರನ ಮಗಳನ್ನು ಭಾಗಾಕಾರದ ಮುಂದಿನ ಹಂತಕ್ಕೆ ಹಾಕಿದ್ದೆ. ದೊಡ್ಡ ಸಂಖ್ಯೆಯಿಂದ ಭಾಗಿಸುವವರ ಗುಂಪು. ಶುಕ್ರವಾರದ ಚೀಟಿ ಸರಿಯಾಗಿತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ಸಂಭ್ರಮದಿಂದಲೇ ಅವಳ ಹೆಸರು ಕೂಗಿದೆ.

ಅವಳು ಏಳಲಿಲ್ಲ. ಕೈ ಎತ್ತಿದಳು.

"ಮಿಸ್, ತಪ್ಪಾಗಿ ಹಾಕಿದೀರ. ನನಗೆ ಇನ್ನೂ ಬರಲ್ಲ."

ಇಡೀ ಕೋಣೆಗೆ ಕೇಳುವಂತೆ ಹೇಳಿದಳು. ಯಾರು ನಗುತ್ತಾರೆಂದು ನಾನು ಸುತ್ತ ಕಣ್ಣು ಹಾಯಿಸಿದೆ. ಯಾರಿಗೂ ಪುರುಸೊತ್ತಿರಲಿಲ್ಲ, ಅವರವರ ಕಡ್ಡಿ, ಅವರವರ ಸ್ಕೇಲು.

"ಚೀಟಿಯಲ್ಲಿ ಸರಿ ಮಾಡಿದ್ದೆಯಲ್ಲ?"

"ಅದು ಹೇಗೋ ಬಂತು ಮಿಸ್. ಯಾಕೆ ಬಂತು ಅಂತ ಗೊತ್ತಿಲ್ಲ. ಶೇಷ ಬಂದ್ಮೇಲೆ ಏನ್ಮಾಡ್ಬೇಕು ಅಂತ ಸಿಕ್ಕಿಹಾಕಿಕೊಳ್ತೀನಿ. ಅದನ್ನ ಇನ್ನೊಂದ್ಸಲ ಹೇಳ್ಕೊಡಿ."

"ಆಗಲಿ. ಎಲ್ಲಿ ಕೂರ್ತೀಯ?"

"ಇಲ್ಲೇ. ನಾಳೆ ಆ ಗುಂಪಿಗೆ ಹೋಗ್ತೀನಿ." ಸ್ವಲ್ಪ ಯೋಚಿಸಿದಳು. "ಇಲ್ಲ, ಗುರುವಾರ."

ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತೆ. ಅವಳು ಕಡ್ಡಿಗಳನ್ನು ನನ್ನ ಕಡೆ ತಳ್ಳಿ, "ಮೊದ್ಲು ನೀವು ಹಂಚಿ ಮಿಸ್, ನಾನು ನೋಡ್ತೀನಿ" ಎಂದಳು. ಹಂಚಿದೆ. ನಡುವೆ ಒಂದು ಕಡ್ಡಿ ಲೆಕ್ಕ ತಪ್ಪಿತು. ಅವಳೇ ತೋರಿಸಿದಳು.